ಕರೆಂಟ್ ಹೋದರೂ ಸಿಪ್ಯಾಪ್ ನಿಲ್ಲಬಾರದು: ಅಪ್ಪನಿಗಾಗಿ ಮಾಡಿದ ಬ್ಯಾಟರಿ ಪೆಟ್ಟಿಗೆ

ಪೆಟ್ಟಿಗೆ ಕೆಲಸಕ್ಕೆ ಬಂತು. ಒಂದು ಪ್ಲಾಸ್ಟಿಕ್ ಟೂಲ್ ಬಾಕ್ಸ್, ಒಳಗೆ 12.8 ವೋಲ್ಟ್ 20 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿ, ಒಂದು ಫ್ಯೂಸ್, ಒಂದು ಸ್ವಿಚ್, ಒಂದು ಮೀಟರ್. ನಿದ್ದೆಯಲ್ಲಿ ಉಸಿರು ನಿಲ್ಲದ ಹಾಗೆ ಮಾಸ್ಕಿನ ಮೂಲಕ ಒತ್ತಡದಿಂದ ಗಾಳಿ ಊದುವ ಅಪ್ಪನ ಸಿಪ್ಯಾಪ್ ಯಂತ್ರ ಈಗ ರಾತ್ರಿಯಿಡೀ ಇದರ ಮೇಲೆಯೇ ಓಡುತ್ತದೆ. ಒಟ್ಟು ಖರ್ಚು 18,100 ರೂಪಾಯಿ. ನಮ್ಮ ಗದಗ-ಬೆಟಗೇರಿ ಕಡೆ ಇದೇ ಯಂತ್ರ ಹಾಕಿಕೊಂಡು ಮಲಗುವವರು ಈಗ ಜಾಸ್ತಿ ಆಗುತ್ತಿದ್ದಾರೆ. ಅವರ ಮನೆಯವರಿಗೆ ಉಪಯೋಗಕ್ಕೆ ಬರಲಿ ಅಂತ, ಕೈಕೊಟ್ಟದ್ದನ್ನೂ ಸೇರಿಸಿ, ಮಾಡಿದ್ದನ್ನೆಲ್ಲ ಬರೆಯುತ್ತಿದ್ದೇನೆ.

ಮೊದಲು ಅಪ್ಪನ ವಿಷಯ. ವಯಸ್ಸು 67. ಹುಬ್ಬಳ್ಳಿಯಲ್ಲಿ ಸ್ಲೀಪ್ ಸ್ಟಡಿ ಮಾಡಿಸಿದಾಗ ಎಎಚ್‌ಐ 42 ಬಂತು. ಅಂದರೆ ನಿದ್ದೆಯಲ್ಲಿ ಗಂಟೆಗೆ 42 ಸಲ ಉಸಿರು ನಿಲ್ಲುವುದೋ ತೀರಾ ಕಡಿಮೆಯಾಗುವುದೋ ಆಗುತ್ತಿತ್ತು. 30 ದಾಟಿದರೆ ತೀವ್ರ ಅಂತ ಲೆಕ್ಕ. ಡಾಕ್ಟರು ಯಂತ್ರದ ಗಾಳಿಗೆ 11ರ ಒತ್ತಡ (ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿ) ಬರೆದುಕೊಟ್ಟರು, ಒಂದು ರಾತ್ರಿಯೂ ಬಿಡಬೇಡಿ ಅಂದರು. ಯಂತ್ರ ಬಂದ ಮೇಲೆ ಅಪ್ಪ ಬೇರೆ ಮನುಷ್ಯರೇ ಆದರು. ಆದರೆ ಏಪ್ರಿಲ್-ಮೇ ಬಂತೆಂದರೆ ನಮ್ಮ ಕಡೆ ಸಂಜೆ ಗಾಳಿ, ಗುಡುಗು, ಅಡ್ಡಮಳೆ. ಎಲ್ಲೋ ಟೊಂಗೆ ಮುರಿದು ತಂತಿ ಮೇಲೆ ಬೀಳುತ್ತದೆ, ಕರೆಂಟ್ ಬೆಳಗಿನವರೆಗೂ ಬರುವುದಿಲ್ಲ. ಹಾಗೆ ಯಂತ್ರವಿಲ್ಲದೆ ಮಲಗಿದ ಮರುದಿನ ಅಪ್ಪನಿಗೆ ತಲೆನೋವು. ಚಹಾದ ಕಪ್ಪು ಕೈಯಲ್ಲಿ ಹಿಡಿದುಕೊಂಡೇ ತೂಕಡಿಸುತ್ತಾರೆ. ಅದನ್ನು ನೋಡಿಕೊಂಡು ಸುಮ್ನೆ ಇರೋದು ನನ್ನಿಂದ ಆಗಲಿಲ್ಲ.

ಒಂದು ಮಾತು ಎಲ್ಲಕ್ಕಿಂತ ಮೊದಲು. ಕರೆಂಟ್ ಹೋಗಿ ಯಂತ್ರ ನಿಂತರೆ ಮಾಸ್ಕ್ ತೆಗೆಯಬೇಕು. ಮೂಗು-ಬಾಯಿ ಎರಡೂ ಮುಚ್ಚುವ ಮಾಸ್ಕಿನಲ್ಲಿ ಸಣ್ಣ ವಾಲ್ವ್ ಇರುತ್ತದೆ. ಗಾಳಿ ನಿಂತ ಕೂಡಲೇ ಅದು ತೆರೆದುಕೊಂಡು ಹೊರಗಿನ ಗಾಳಿ ಒಳಗೆ ಬರುತ್ತದೆ, ಹಾಗಾಗಿ ಉಸಿರು ಕಟ್ಟುವುದಿಲ್ಲ. ಆದರೂ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಾ ಮಲಗುವುದು ಸರಿಯಲ್ಲ. ಆ ವಾಲ್ವಿನಲ್ಲಿ ಜಿಗುಟು, ಧೂಳು ಕೂತಿದೆಯಾ ಅಂತ ವಾರಕ್ಕೊಮ್ಮೆ ಮಾಸ್ಕ್ ತೊಳೆಯುವಾಗ ನೋಡುತ್ತೇನೆ. ಯಂತ್ರವಿಲ್ಲದೆ ಕಳೆಯಲೇಬೇಕಾದ ರಾತ್ರಿ ಅಪ್ಪ ಅಂಗಾತ ಮಲಗುವುದಿಲ್ಲ. ಬೆನ್ನಿಗೆ ಲೋಡು ಕೊಟ್ಟು ಮಗ್ಗುಲಾಗಿ ಮಲಗುತ್ತಾರೆ, ತಲೆ ಕಡೆ ಎತ್ತರ ಮಾಡುತ್ತೇವೆ. ನಿದ್ದೆ ಗುಳಿಗೆ, ಕುಡಿತ ಎರಡೂ ಆ ರಾತ್ರಿ ಬೇಡವೇ ಬೇಡ ಅಂತ ಡಾಕ್ಟರು ಹೇಳಿದ್ದಾರೆ.

ಹಂತ 1: ಎಷ್ಟು ತಿನ್ನುತ್ತದೆ ಅಂತ ಅಳೆದದ್ದು

ಅಡಾಪ್ಟರ್ ಮೇಲೆ 24 ವೋಲ್ಟ್, 90 ವ್ಯಾಟ್ ಅಂತ ಬರೆದಿದೆ. ಅಂಗಡಿಯವರು ಆ 90ನ್ನೇ ಹಿಡಿದು ದೊಡ್ಡ ಬ್ಯಾಟರಿಯ ಲೆಕ್ಕ ಹೇಳುತ್ತಾರೆ. ಆದರೆ 90 ಅಂದರೆ ಅಡಾಪ್ಟರ್ ಹೆಚ್ಚೆಂದರೆ ಕೊಡಬಲ್ಲದ್ದು, ಯಂತ್ರ ತಿನ್ನುವುದಲ್ಲ. 900 ರೂಪಾಯಿಗೆ ಪ್ಲಗ್‌ಗೆ ಚುಚ್ಚುವ ವ್ಯಾಟ್ ಮೀಟರ್ ತಂದೆ. ಯಂತ್ರವನ್ನು ಅದರ ಮೂಲಕ ಓಡಿಸಿ ಬೆಳಿಗ್ಗೆ ಎದ್ದು ಓದಿದೆ.

ಗಾಳಿಗೆ ತೇವ ಕೊಡುವ ನೀರಿನ ಡಬ್ಬಿಯ ಹೀಟರ್ ಮತ್ತು ಬಿಸಿ ಪೈಪ್ ಆನ್ ಇದ್ದಾಗ ಏಳು ಗಂಟೆಗೆ 0.27 ಯುನಿಟ್. ಎರಡನ್ನೂ ಆಫ್ ಮಾಡಿದ ರಾತ್ರಿ ಅಷ್ಟೇ ಹೊತ್ತಿಗೆ 0.07 ಯುನಿಟ್. ಅಂದರೆ ಗಾಳಿ ಊದುವ ಮೋಟರಿಗೆ ಬೇಕಾಗುವುದು ಸುಮಾರು 10 ವ್ಯಾಟ್ ಅಷ್ಟೇ. ಉಳಿದದ್ದೆಲ್ಲ ನೀರು ಕಾಯಿಸುವುದಕ್ಕೆ ಹೋಗುತ್ತಿತ್ತು.

ಹೀಟರ್ ಆಫ್ ಮಾಡಬಹುದಾ ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಮಾಡಬಹುದು, ಒತ್ತಡ ಮಾತ್ರ ಮುಟ್ಟಬೇಡಿ ಅಂದರು. ಡಬ್ಬಿಯಲ್ಲಿ ತಣ್ಣೀರು ಹಾಗೇ ಇರುತ್ತದೆ, ಅದರ ಮೇಲೆ ಹಾದು ಬರುವ ಗಾಳಿಗೆ ಸ್ವಲ್ಪವಾದರೂ ತೇವ ಸಿಗುತ್ತದೆ. ಶುರುವಿನಲ್ಲಿ ಅಪ್ಪನಿಗೆ ಮೂಗು ಒಣಗಿತು. ಮಲಗುವ ಮುಂಚೆ ಉಪ್ಪುನೀರಿನ ಮೂಗಿನ ಸ್ಪ್ರೇ ಹಾಕಲು ಶುರು ಮಾಡಿದ ಮೇಲೆ ಆ ತಕರಾರು ನಿಂತಿತು.

ಹಂತ 2: ಮನೆಯ ಇನ್ವರ್ಟರ್

150 ಆಂಪಿಯರ್ ಅವರ್ ಟ್ಯೂಬುಲರ್ ಬ್ಯಾಟರಿಯ ಇನ್ವರ್ಟರ್ ಮನೆಯಲ್ಲಿ ಇದ್ದೇ ಇದೆ. ಮೊದಲು ಅದನ್ನೇ ನೋಡಿದ್ದು ಸಹಜ ಅಲ್ವಾ. ಮೂರು ಕಾರಣಕ್ಕೆ ಬಿಟ್ಟೆ.

ನಮ್ಮದು ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್, ಅಂದರೆ ಅದರ ಕರೆಂಟಿನ ಅಲೆ ನಯವಾಗಿರದೆ ಚೌಕಾಕಾರವಾಗಿರುತ್ತದೆ. ಅದಕ್ಕೆ ಹಾಕಿದಾಗ ಸಿಪ್ಯಾಪ್ ಅಡಾಪ್ಟರ್ ಗುಂಯ್ ಅನ್ನುತ್ತದೆ, ಮುಟ್ಟಿದರೆ ಬಿಸಿ. ಯಂತ್ರದ ಪುಸ್ತಕದಲ್ಲಿ ಪ್ಯೂರ್ ಸೈನ್ ವೇವ್, ಅಂದರೆ ಲೈನಿನ ಕರೆಂಟಿನಂಥ ನಯವಾದ ಅಲೆ, ಬೇಕು ಅಂತ ಇದೆ. ಎರಡನೆಯದು, ಕರೆಂಟ್ ಹೋಗಿ ಇನ್ವರ್ಟರ್ ಎತ್ತಿಕೊಳ್ಳುವ ಹೊತ್ತಿಗೆ ಯಂತ್ರ ಒಮ್ಮೊಮ್ಮೆ ನಿಂತು ಮತ್ತೆ ಶುರುವಾಗುತ್ತಿತ್ತು, ಅಪ್ಪ ಎದ್ದು ಕೂರುತ್ತಿದ್ದರು. ಮೂರನೆಯದೇ ದೊಡ್ಡದು. ಅದೇ ಇನ್ವರ್ಟರ್ ಮೇಲೆ ಮನೆಯ ಫ್ಯಾನುಗಳು, ಲೈಟು, ಟಿವಿ. ಮೇ ತಿಂಗಳಲ್ಲಿ ಫ್ಯಾನ್ ಆಫ್ ಮಾಡಿ ಅಂತ ಯಾರಿಗೆ ಹೇಳುವುದು? ಸಂಜೆ ಏಳಕ್ಕೆ ಕರೆಂಟ್ ಹೋದರೆ ಅಪ್ಪ ಮಲಗುವ ಹೊತ್ತಿಗೆ ಬ್ಯಾಟರಿ ಅರ್ಧ ಇಳಿದಿರುತ್ತಿತ್ತು, ನಸುಕಿಗೆ ಕೂಗಲು ಶುರು. 12 ವೋಲ್ಟನ್ನು 230 ಮಾಡಿ, ಅದನ್ನು ಅಡಾಪ್ಟರ್ ಮತ್ತೆ 24ಕ್ಕೆ ಇಳಿಸುವುದರಲ್ಲಿ ಪೋಲಾಗುವುದು ಬೇರೆ.

ಹಂತ 3: ಕಂಪ್ಯೂಟರ್ ಯುಪಿಎಸ್

ತಮ್ಮನ ಹಳೆಯ 600 ವಿಎ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದೆ, 1,000 ರೂಪಾಯಿ. ಎರಡೂವರೆ ಗಂಟೆ ಎಳೆಯಿತು, ಅಷ್ಟೇ. ಕಾರಣ ಸರಳ. 600 ವಿಎ ಅನ್ನೋದು ಅದು ಎಷ್ಟು ಭಾರ ಹೊರುತ್ತದೆ ಅನ್ನುವ ಲೆಕ್ಕ, ಎಷ್ಟು ಹೊತ್ತು ಹೊರುತ್ತದೆ ಅನ್ನುವುದಲ್ಲ. ಒಳಗಿರುವುದು 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ, ಅಂದರೆ 84 ವ್ಯಾಟ್ ಅವರ್. ಅದರಲ್ಲಿ ದೊಡ್ಡ ಪಾಲನ್ನು ಯುಪಿಎಸ್ ತಾನೇ ತಿನ್ನುತ್ತದೆ. ಜೊತೆಗೆ ಕರೆಂಟ್ ಇಲ್ಲದಷ್ಟು ಹೊತ್ತೂ ಟೀಂ ಟೀಂ ಅಂತ ಕೂಗುತ್ತದೆ. ಅಪ್ಪನಿಗಿಂತ ಮೊದಲು ಅವ್ವ ಎದ್ದು ಅದನ್ನು ಹೊರಗೆ ಇಡಿಸಿದಳು.

ಹಂತ 4: ಬ್ಯಾಟರಿ, ಕನ್ವರ್ಟರ್

ಇಷ್ಟಾದ ಮೇಲೆ 230 ವೋಲ್ಟಿನ ದಾರಿ ಬಿಟ್ಟೆ. ಬ್ಯಾಟರಿಯಿಂದ ನೇರವಾಗಿ ಡಿಸಿ ಕೊಡುವುದು ಅಂತ ತೀರ್ಮಾನ ಮಾಡಿದೆ.

12 ವೋಲ್ಟನ್ನು 24 ಮಾಡುವ ಬೂಸ್ಟರ್ ಮಾಡ್ಯೂಲ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ತಗೊಳ್ಳಲಿಲ್ಲ. ಅಪ್ಪನ ಯಂತ್ರದ ಪಿನ್ನಿನ ನಡುವೆ ಇನ್ನೊಂದು ತೆಳ್ಳನೆಯ ಕಡ್ಡಿ ಇದೆ. ಅದಕ್ಕೆ ಏನು ಕೊಡಬೇಕು ಅಂತ ಊಹೆ ಮಾಡಿ, ಉಸಿರು ನಡೆಸುವ ಯಂತ್ರದ ಮೇಲೆ ಪ್ರಯೋಗ ಮಾಡಲು ಮನಸ್ಸು ಒಪ್ಪಲಿಲ್ಲ. ಯಂತ್ರದ ಕಂಪನಿಯೇ ಮಾಡುವ ಡಿಸಿ ಕನ್ವರ್ಟರ್ ತರಿಸಿದೆ. 7,200 ರೂಪಾಯಿ. ಇಡೀ ಕೆಲಸದಲ್ಲಿ ಇದೇ ದುಬಾರಿ ಬಾಬತ್ತು, ಆದರೂ ಇಲ್ಲಿ ಉಳಿತಾಯ ಮಾಡಬೇಡಿ ಅಂತ ಗಟ್ಟಿಯಾಗಿ ಹೇಳುತ್ತೇನೆ. ಕೆಲವು ಯಂತ್ರಗಳು 12 ವೋಲ್ಟಿನವೇ ಇರುತ್ತವೆ, ಅವಕ್ಕೆ ಕನ್ವರ್ಟರ್ ಬೇಕಿಲ್ಲ, ಕಂಪನಿಯ ಡಿಸಿ ಕೇಬಲ್ ಸಾಕು. ನಿಮ್ಮ ಅಡಾಪ್ಟರ್ ತಿರುಗಿಸಿ ಓದಿ.

ಬ್ಯಾಟರಿಗೆ ಹುಬ್ಬಳ್ಳಿಗೆ ಹೋದೆ. ಸೀಸದ ಬ್ಯಾಟರಿ ಅಗ್ಗ, ಆದರೆ ಅರ್ಧಕ್ಕಿಂತ ಜಾಸ್ತಿ ಇಳಿಸಿದರೆ ಬೇಗ ಸಾಯುತ್ತದೆ, ಎತ್ತಲೂ ಭಾರ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಎರಡೂವರೆ ಕಿಲೋ, ಅಪ್ಪ ಒಂದು ಕೈಯಲ್ಲಿ ಎತ್ತುತ್ತಾರೆ. 3.2 ವೋಲ್ಟಿನ ನಾಲ್ಕು ಸೆಲ್ ಸೇರಿ 12.8. ಲಿಥಿಯಂನಲ್ಲಿ ಬೇರೆ ಜಾತಿಗಳೂ ಇವೆ. ಮಲಗುವ ಕೋಣೆಗೆ ಇದನ್ನೇ ಆರಿಸಿದೆ, ಬಿಸಿಗೆ ಬೇಗ ಕೆಡುವುದಿಲ್ಲ, ಬೆಂಕಿ ಹಿಡಿಯುವ ಭಯ ಕಡಿಮೆ.

ಮೊದಲು ತಂದ ಬ್ಯಾಟರಿ ಮೋಸ. ಮೇಲೆ 20 ಅಂತ ಬರೆದಿತ್ತು. ಮನೆಗೆ ತಂದು ಪೂರ್ತಿ ಚಾರ್ಜ್ ಮಾಡಿ, ಕಾರಿನ 55 ವ್ಯಾಟ್ ಹೆಡ್‌ಲೈಟ್ ಬಲ್ಬ್ ಹಚ್ಚಿ ಗಡಿಯಾರ ನೋಡುತ್ತ ಕೂತೆ. ಬಲ್ಬ್ ಮುಟ್ಟಲಾಗದಷ್ಟು ಕಾಯುತ್ತದೆ, ಅದಕ್ಕೆ ಅವ್ವನ ರೊಟ್ಟಿ ಹಂಚಿನ ಮೇಲೆ ಇಟ್ಟಿದ್ದೆ. ನಾಲ್ಕು ಗಂಟೆ ಉರಿಯಬೇಕಾದದ್ದು ಎರಡೂವರೆ ಗಂಟೆಗೆ ಆರಿತು. ಸುಮಾರು 12 ಆಂಪಿಯರ್ ಅವರ್ ಮಾತ್ರ. ವಾಪಸ್ ತೆಗೆದುಕೊಂಡು ಹೋದಾಗ ಅಂಗಡಿಯವರು, "ಅಕ್ಕಾರ, ಮ್ಯಾಲ ಇಪ್ಪತ್ತು ಅಂತ ಬರದಾರಲ್ರಿ, ಮತ್ತೇನ್ ಬೇಕ್ರಿ?" ಅಂದರು. ಬಲ್ಬ್ ಆರುವ ವಿಡಿಯೋ ತೋರಿಸಿದ ಮೇಲೆ ದುಡ್ಡು ಕೊಟ್ಟರು. ಬೇರೆ ಅಂಗಡಿಯಲ್ಲಿ 6,800ಕ್ಕೆ ತಂದದ್ದು ಅದೇ ಬಲ್ಬನ್ನು ನಾಲ್ಕು ಗಂಟೆ ದಾಟಿಸಿ ಉರಿಸಿತು. ನೀವು ಯಾವ ಬ್ಯಾಟರಿ ತಂದರೂ ಈ ಪರೀಕ್ಷೆ ಮಾಡದೆ ಬಿಲ್ ಬಿಸಾಡಬೇಡಿ.

ಚಾರ್ಜರ್ ಇದೇ ಜಾತಿಯ ಬ್ಯಾಟರಿಗೆ ಮಾಡಿದ್ದು, 14.6 ವೋಲ್ಟಿಗೆ ನಿಲ್ಲುವಂಥದ್ದು, 5 ಆಂಪಿಯರ್, 1,350 ರೂಪಾಯಿ. ಸೀಸದ ಬ್ಯಾಟರಿಯ ಚಾರ್ಜರ್ ಇದಕ್ಕೆ ಹಾಕಬಾರದು.

ಹಂತ 5: ಜೋಡಣೆ

ಟೂಲ್ ಬಾಕ್ಸ್, 2.5 ಚದರ ಮಿಲಿಮೀಟರಿನ ಕೆಂಪು-ಕಪ್ಪು ವೈರ್, ಕಾರಿನ ಲೈಟರ್ ಸಾಕೆಟ್, 10 ಆಂಪಿಯರ್ ಬ್ಲೇಡ್ ಫ್ಯೂಸ್ ಮತ್ತು ಅದರ ಹೋಲ್ಡರ್, ಒಂದು ಸ್ವಿಚ್, ಚಾರ್ಜಿಂಗ್‌ಗೆ ಎಕ್ಸ್‌ಟಿ60 ಕನೆಕ್ಟರ್, ರಿಂಗ್ ಲಗ್ಗುಗಳು. ಎಲ್ಲ ಸೇರಿ 1,100.

ಮೊದಲು ಫ್ಯೂಸ್. ಬ್ಯಾಟರಿಯ ಪ್ಲಸ್ಸಿನಿಂದ ನಾಲ್ಕು ಬೆರಳಿನ ದೂರದೊಳಗೆ. ಈ ಬ್ಯಾಟರಿ ಶಾರ್ಟ್ ಆದರೆ ಒಮ್ಮೆಲೇ ಬಹಳ ಕರೆಂಟ್ ಕೊಡುತ್ತದೆ, ವೈರ್ ಕೆಂಪಾಗಲು ಹೊತ್ತು ಬೇಕಿಲ್ಲ. ಫ್ಯೂಸ್ ದೂರ ಇಟ್ಟರೆ ಅಲ್ಲಿವರೆಗಿನ ವೈರಿಗೆ ಕಾವಲಿಲ್ಲ. 10 ಆಂಪಿಯರ್ ಯಾಕೆ? ಕನ್ವರ್ಟರ್ ಪೂರ್ತಿ 90 ವ್ಯಾಟ್ ಕೊಟ್ಟರೂ ಬ್ಯಾಟರಿಯಿಂದ ಎಳೆಯುವುದು 8 ಆಂಪಿಯರಿನ ಆಸುಪಾಸು. ಅದಕ್ಕಿಂತ ದೊಡ್ಡ ಫ್ಯೂಸ್ ಬೇಕಿಲ್ಲ.

ಬಾಕ್ಸಿನ ಪಕ್ಕಕ್ಕೆ 29 ಮಿಲಿಮೀಟರ್ ತೂತು ಕೊರೆದು ಸಾಕೆಟ್ ಕೂರಿಸಿದೆ. ವೈರ್ ಹೊರಬರುವ ತೂತಿಗೆ ರಬ್ಬರ್ ಗ್ರಾಮೆಟ್. ಲಗ್ಗುಗಳನ್ನು ಕಟಿಂಗ್ ಪ್ಲೈಯರಿನಿಂದ ಅಮುಕದೆ, ಪರಿಚಯದ ಎಲೆಕ್ಟ್ರಿಷಿಯನ್ ಹತ್ತಿರ ಕ್ರಿಂಪಿಂಗ್ ಟೂಲ್ ಎರವಲು ತಂದು ಒತ್ತಿದೆ, ಜಗ್ಗಿ ನೋಡಿದೆ. ಬ್ಯಾಟರಿ ಅಲುಗಾಡದ ಹಾಗೆ ವೆಲ್ಕ್ರೋ ಪಟ್ಟಿ. ಈ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯಿತು.

ಹಂತ 6: ಸಾಕೆಟ್ ಕೈಕೊಟ್ಟಿತು

ಪರೀಕ್ಷೆಗೆ ಅಂತ ರಾತ್ರಿ ಬ್ಯಾಟರಿ ಮೇಲೆ ಬಿಟ್ಟೆ. ನಡುರಾತ್ರಿ ದಾಟಿದ ಮೇಲೆ ಯಂತ್ರ ನಿಂತಿತು. ಟಾರ್ಚ್ ಹಿಡಿದು ನೋಡಿದರೆ ಬ್ಯಾಟರಿ ತುಂಬಿದೆ, ಫ್ಯೂಸ್ ಸರಿ ಇದೆ. ಲೈಟರ್ ಪ್ಲಗ್ ಒಂದು ಕಾಳಿನಷ್ಟು ಹೊರಗೆ ಜಾರಿತ್ತು. ಅಪ್ಪ ಮಗ್ಗುಲಾದಾಗ ಕೇಬಲ್ ಎಳೆದಿದೆ. ಪ್ಲಗ್ಗಿನ ತುದಿಯ ಸ್ಪ್ರಿಂಗ್ ಬಿಸಿಯಾಗಿತ್ತು, ಸಾಕೆಟ್ಟಿನ ಒಳಗೆ ಕಪ್ಪು ಕಲೆ. ಕಾರಿನ ಈ ಸಾಕೆಟ್ಟುಗಳಲ್ಲಿ ಪ್ಲಗ್ಗನ್ನು ಹಿಡಿದಿಡುವುದು ಬರೀ ಸ್ಪ್ರಿಂಗಿನ ಒತ್ತು. ಅಗ್ಗದ್ದರಲ್ಲಿ ಅದೂ ಸಡಿಲ.

ಸಾಕೆಟ್ ಬದಲಿಸಿ ಒಳಗೆ ಗಟ್ಟಿ ಲೋಹ ಇರುವುದನ್ನು ಹಾಕಿದೆ. ಕಂಪನಿಯ ಕೇಬಲ್ ಕತ್ತರಿಸಿ ಬೇರೆ ಕನೆಕ್ಟರ್ ಹಾಕುವ ಯೋಚನೆ ಬಂತು, ಬಿಟ್ಟೆ, ಗ್ಯಾರಂಟಿ ಹೋಗುತ್ತದೆ. ಅದರ ಬದಲು ಬಾಕ್ಸಿನ ಅಂಚಿಗೆ ಒಂದು ಕೇಬಲ್ ಕ್ಲಾಂಪ್ ಬಿಗಿದು, ವೈರನ್ನು ಅದರಲ್ಲಿ ಹಾಯಿಸಿದೆ. ಈಗ ಎಷ್ಟು ಎಳೆದರೂ ಜಗ್ಗುವುದು ಕ್ಲಾಂಪ್, ಪ್ಲಗ್ ಅಲ್ಲ. ಪೆಟ್ಟಿಗೆಯನ್ನು ಮಂಚದ ಮೇಲಿಂದ ತೆಗೆದು ಪಕ್ಕದ ಕಟ್ಟಿಗೆ ಸ್ಟೂಲ್ ಮೇಲೆ ಇಟ್ಟೆ. ಹಾಸಿಗೆ, ಕೌದಿ ಯಾವುದೂ ಅದಕ್ಕೆ ತಾಗಬಾರದು, ಕನ್ವರ್ಟರ್ ಬೆಚ್ಚಗಾಗುತ್ತದೆ.

ಹಂತ 7: ವೋಲ್ಟ್ ಮೀಟರ್ ತೆಗೆದು ಎಣಿಸುವ ಮೀಟರ್

ಬಾಕ್ಸ್ ಮೇಲೆ ಮೊದಲು ಒಂದು ಸಣ್ಣ ವೋಲ್ಟ್ ಮೀಟರ್ ಇತ್ತು. ಸೀಸದ ಬ್ಯಾಟರಿಯಲ್ಲಿ ವೋಲ್ಟ್ ನೋಡಿದರೆ ಎಷ್ಟು ಉಳಿದಿದೆ ಅಂತ ಅಂದಾಜು ಸಿಗುತ್ತದೆ. ಇದರಲ್ಲಿ ಸಿಗುವುದಿಲ್ಲ. ಮುಕ್ಕಾಲು ತುಂಬಿದ್ದಾಗಲೂ 13.2, ಅರ್ಧಕ್ಕೆ ಬಂದಾಗಲೂ ಹೆಚ್ಚುಕಡಿಮೆ ಅಷ್ಟೇ. ಕೊನೆಗೆ ದಡಕ್ಕನೆ ಇಳಿದು ಬ್ಯಾಟರಿಯ ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಕಟ್ ಮಾಡುತ್ತದೆ. ಅದಕ್ಕೇ 750 ರೂಪಾಯಿಯ ಡಿಸಿ ಮೀಟರ್ ಹಾಕಿದೆ. ಹೊರಗೆ ಹೋದ ವ್ಯಾಟ್ ಅವರ್ ಎಣಿಸುತ್ತದೆ. ಅದರ ನೀಲಿ ಬೆಳಕು ಅಪ್ಪನ ಕಣ್ಣಿಗೆ ಹೊಡೆಯುತ್ತಿತ್ತು, ಕಪ್ಪು ಟೇಪಿನ ಮುಚ್ಚಳ ಮಾಡಿದೆ.

ಮೀಟರ್ ಹೇಳಿದ್ದು: ಹೀಟರ್ ಆಫ್, 11ರ ಒತ್ತಡ, ಒಂದು ರಾತ್ರಿಗೆ 70ರಿಂದ 75 ವ್ಯಾಟ್ ಅವರ್. ಮಾಸ್ಕ್ ಸರಿ ಕೂರದೆ ಗಾಳಿ ಸೋರಿದ ರಾತ್ರಿ ಜಾಸ್ತಿ. ಬ್ಯಾಟರಿಯಲ್ಲಿ ಇರುವುದು 256. ಪೂರ್ತಿ ಹಿಂಡದೆ 200 ಅಂತ ಇಟ್ಟುಕೊಂಡರೂ ಎರಡು ರಾತ್ರಿ ಧಾರಾಳ. ಒಮ್ಮೆ ಹೀಟರ್ ಆನ್ ಮಾಡಿ ನೋಡಿದೆ. ಒಂದು ರಾತ್ರಿಯನ್ನೂ ದಾಟಿಸುವುದಿಲ್ಲ.

ಬೆಳಿಗ್ಗೆ ಯಂತ್ರದ ಪರದೆಯಲ್ಲಿ ಎಎಚ್‌ಐ ನೋಡಿ ಬರೆದಿಟ್ಟುಕೊಂಡೆ. ಕರೆಂಟ್ ಮೇಲೆ ಮಲಗಿದ ರಾತ್ರಿ, ಬ್ಯಾಟರಿ ಮೇಲೆ ಮಲಗಿದ ರಾತ್ರಿ ಎರಡರಲ್ಲೂ 5ಕ್ಕಿಂತ ಕೆಳಗೆ. ಚಿಕಿತ್ಸೆಯಲ್ಲಿ ವ್ಯತ್ಯಾಸ ಇಲ್ಲ ಅಂತ ಖಾತ್ರಿ ಆದದ್ದು ಇದರಿಂದ. ಯಂತ್ರ ಓಡಿದರೆ ಸಾಕು ಅಂತ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಬಾರದು, ಈ ಅಂಕಿಯನ್ನೂ ನೋಡಬೇಕು.

ಹಂತ 8: ಅಪ್ಪನ ಕೈಯಲ್ಲಿ ಕೊಟ್ಟಾಗ

ಇಲ್ಲಿವರೆಗೆ ನನ್ನ ಲೆಕ್ಕ ಹೀಗಿತ್ತು: ಮಾಮೂಲಿ ದಿನ ಕರೆಂಟ್ ಮೇಲೆ, ಕರೆಂಟ್ ಹೋದಾಗ ಪೆಟ್ಟಿಗೆಗೆ ಬದಲಾಯಿಸುವುದು. ಅಪ್ಪನಿಗೆ ಹೇಳಿಯೇ ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ನೋಡಿದೆ. ಅಪ್ಪ ಎದ್ದು ಮಾಸ್ಕ್ ತೆಗೆಯಬೇಕು. ಕನ್ನಡಕ ಹುಡುಕಬೇಕು. ಯಂತ್ರದ ಹಿಂದೆ ಕೈ ಹಾಕಿ ಅಡಾಪ್ಟರ್ ಪಿನ್ ಕೀಳಬೇಕು, ಕನ್ವರ್ಟರ್ ಪಿನ್ ಚುಚ್ಚಬೇಕು, ಸ್ವಿಚ್ ಒತ್ತಬೇಕು, ಮತ್ತೆ ಮಾಸ್ಕ್. ತೂತು ಸಿಗದೆ ಪಿನ್ ಅದರ ಸುತ್ತ ಯಂತ್ರದ ಮೈ ಕೆರೆಯುವ ಸದ್ದು ನನ್ನ ಕೋಣೆಗೂ ಕೇಳುತ್ತಿತ್ತು. "ಯವ್ವಾ, ಕತ್ತಲದಾಗ ಈ ಸಣ್ಣ ಪಿನ್ ಎಲ್ಲಿ ಹುಡುಕ್ಲಿ? ಇವತ್ತೊಂದಿನ ಹಂಗ ಮಲಗತೇನಿ ಬಿಡು" ಅಂದರು.

ಹಂಗ ಮಲಗತೇನಿ ಬಿಡು. ನಿದ್ದೆಗಣ್ಣಿನ ಮನುಷ್ಯ ಯಾರೇ ಆದರೂ ಅದನ್ನೇ ಹೇಳುತ್ತಾರೆ. ಈ ವಿಷಯದಲ್ಲಿ ಎಲ್ಲರೂ ಬ್ಯಾಟರಿ ಎಷ್ಟು ದೊಡ್ಡದು ಅಂತಲೇ ಕೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು, ನಡುರಾತ್ರಿ ರೋಗಿಯ ಕೈಯಲ್ಲಿ ಯಾವ ಕೆಲಸವನ್ನೂ ಬಿಡಬಾರದು ಅನ್ನೋದು. ಒಂಟಿಯಾಗಿ ಮಲಗುವವರ ವಿಷಯದಲ್ಲಂತೂ ಇನ್ನೂ.

ಅದಕ್ಕೆ ಪದ್ಧತಿಯನ್ನೇ ತಿರುವಿಹಾಕಿದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಯಂತ್ರ ದಿನಾ ಬ್ಯಾಟರಿ ಮೇಲೆಯೇ. ಅಡಾಪ್ಟರ್ ಬೀರುವಿನಲ್ಲಿದೆ. ಬೆಳಿಗ್ಗೆ ಅವ್ವ ಒಲೆ ಹಚ್ಚುವ ಹೊತ್ತಿಗೆ ನಾನು ಪೆಟ್ಟಿಗೆಯನ್ನು ಪಡಸಾಲೆಯ ಬಂಡೆಯ ಮೇಲೆ ಇಟ್ಟು ಚಾರ್ಜಿಗೆ ಹಚ್ಚುತ್ತೇನೆ. ಒಂದು ರಾತ್ರಿ ಖರ್ಚಾದದ್ದು ಕಾಲು ಭಾಗಕ್ಕಿಂತ ತುಸು ಜಾಸ್ತಿ, ಒಂದೂವರೆ ಗಂಟೆಯಲ್ಲಿ ತುಂಬುತ್ತದೆ. ಇಡೀ ದಿನದಲ್ಲಿ ಅಷ್ಟು ಹೊತ್ತು ಕರೆಂಟ್ ಸಿಕ್ಕರೆ ಸಾಕು. ಎಲ್ಲರೂ ಮಲಗಿದ್ದಾಗ ಬ್ಯಾಟರಿ ಚಾರ್ಜ್ ಆಗುವ ಪ್ರಶ್ನೆಯೂ ಇಲ್ಲ. ದಿನಾ ಬಳಸಿದರೆ ಬ್ಯಾಟರಿ ಬೇಗ ಸವೆಯಲ್ವಾ ಅಂತ ಕೇಳಬಹುದು. ಈ ಜಾತಿಯ ಬ್ಯಾಟರಿ ಸಾವಿರಾರು ಸಲ ಚಾರ್ಜ್ ತಡೆಯುತ್ತದೆ, ನಾವು ಇಳಿಸುವುದೂ ಸ್ವಲ್ಪವೇ. ಮೂಲೆಯಲ್ಲಿ ಇಟ್ಟು ಮರೆತ ಬ್ಯಾಟರಿ ಬೇಕಾದ ದಿನ ಕೈಕೊಡುವುದಕ್ಕಿಂತ ದಿನಾ ಕೆಲಸ ಮಾಡುವ ಬ್ಯಾಟರಿಯ ಮೇಲೆ ನನಗೆ ನಂಬಿಕೆ ಜಾಸ್ತಿ. ಚಳಿಗಾಲದ ಒಣಗಾಳಿಗೆ ಅಪ್ಪನಿಗೆ ಬಿಸಿ ತೇವ ಬೇಕೇ ಬೇಕು. ಆಗ ಅಡಾಪ್ಟರ್ ಹಾಕಿ ಹೀಟರ್ ಆನ್ ಮಾಡುತ್ತೇವೆ. ಆ ತಿಂಗಳುಗಳಲ್ಲಿ ಗುಡುಗು-ಗಾಳಿ ಕಡಿಮೆ, ಪೆಟ್ಟಿಗೆ ತುಂಬಿಕೊಂಡು ಪಕ್ಕದಲ್ಲಿ ಇರುತ್ತದೆ.

ಮೇ ತಿಂಗಳ ದೊಡ್ಡ ಗಾಳಿಮಳೆಯ ರಾತ್ರಿ ಹನ್ನೊಂದರ ಸುಮಾರಿಗೆ ಕರೆಂಟ್ ಹೋಯಿತು, ಬಂದದ್ದು ಮರುದಿನ ಮಧ್ಯಾಹ್ನ. ನಾವೆಲ್ಲ ಸೆಕೆಗೆ ಎದ್ದು ಅಂಗಳದಲ್ಲಿ ಕೂತಿದ್ದೆವು. ಅಪ್ಪನಿಗೆ ಕರೆಂಟ್ ಹೋದದ್ದು ಗೊತ್ತಾದದ್ದು ಬೆಳಿಗ್ಗೆ ಗೀಸರ್ ಆನ್ ಆಗದಿದ್ದಾಗ. ಮೀಟರಿನಲ್ಲಿ 74, ಪರದೆಯಲ್ಲಿ ಎಎಚ್‌ಐ 3.1.

ಖರ್ಚು ಮತ್ತು ಬಾಕಿ ಕೆಲಸ

ವ್ಯಾಟ್ ಮೀಟರ್ 900, ಕನ್ವರ್ಟರ್ 7,200, ಬ್ಯಾಟರಿ 6,800, ಚಾರ್ಜರ್ 1,350, ಡಿಸಿ ಮೀಟರ್ 750, ಉಳಿದ ಸಾಮಾನು 1,100. ಯುಪಿಎಸ್‌ಗೆ ಹಾಕಿದ ಸಾವಿರ ಇದರಲ್ಲಿ ಸೇರಿಲ್ಲ.

ಓಣಿಯ ಒಬ್ಬ ಕಾಕಾ ತಮಗೂ ಇದೇ ಮಾಡಿಕೊಡು ಅಂದರು. ಅವರ ಮನೆಯಲ್ಲಿರುವುದು ಆಕ್ಸಿಜನ್ ಕಾನ್ಸಂಟ್ರೇಟರ್. ಅದು ಮುನ್ನೂರು ವ್ಯಾಟಿನ ಆಸುಪಾಸು ತಿನ್ನುತ್ತದೆ, ಈ ಪೆಟ್ಟಿಗೆ ಒಂದು ಗಂಟೆಯೂ ಬಾಳುವುದಿಲ್ಲ. ಆಕ್ಸಿಜನ್ ಮೇಲೆ ಇರುವವರು, ಬೈಪ್ಯಾಪ್ (ಉಸಿರು ಎಳೆಯುವಾಗ, ಬಿಡುವಾಗ ಬೇರೆ ಬೇರೆ ಒತ್ತಡ ಕೊಡುವ ಯಂತ್ರ) ಮೇಲೆ ಇರುವವರು ಮೊದಲು ಡಾಕ್ಟರ ಹತ್ತಿರ ಮಾತಾಡಿ, ಸಿಲಿಂಡರ್ ಏನಾದರೂ ಮನೆಯಲ್ಲಿ ಇಟ್ಟುಕೊಳ್ಳಬೇಕಾ ಅಂತ ಕೇಳಬೇಕು. ಕಾಕಾನಿಗೂ ಅದನ್ನೇ ಹೇಳಿ, ಅವರ ಜೊತೆ ಆಸ್ಪತ್ರೆಗೆ ಹೋಗಿ ಬಂದೆ.

ಬಾಕಿ ಇರುವುದು ಸೋಲಾರ್. ಎರಡು ದಿನ ದಾಟಿ ಕರೆಂಟ್ ಬರದಿದ್ದರೆ ಚಾರ್ಜ್ ಮಾಡುವುದು ಹೇಗೆ ಅನ್ನೋದು ಇನ್ನೂ ಉಳಿದಿದೆ. ಮಾಳಿಗೆಯ ಮೇಲೆ 50 ವ್ಯಾಟಿನ ಒಂದು ಪ್ಯಾನೆಲ್ ಹಾಕುವ ಯೋಚನೆ. ಬಿಸಿಲಿದ್ದ ದಿನ ಒಂದು ರಾತ್ರಿಗೆ ಬೇಕಾದದ್ದಕ್ಕಿಂತ ಜಾಸ್ತಿಯೇ ಬರುತ್ತದೆ, ಮೋಡದ ದಿನದ ಲೆಕ್ಕ ಹಾಕಿಸಿಯೇ ನೋಡಬೇಕು. ಅಗ್ಗದ ಚಾರ್ಜ್ ಕಂಟ್ರೋಲರುಗಳು ಬಹಳಷ್ಟು ಸೀಸದ ಬ್ಯಾಟರಿಗೆ ಮಾಡಿದವು. ನಮಗೆ ಲಿಥಿಯಂ ಐರನ್ ಫಾಸ್ಫೇಟ್ ಸೆಟ್ಟಿಂಗ್ ಇರುವುದೇ ಬೇಕು. ಅದು ಬಂದ ಮೇಲೆ 14.6ಕ್ಕೆ ನಿಲ್ಲುತ್ತದೋ ಇಲ್ಲವೋ ಅಂತ ಮಲ್ಟಿಮೀಟರ್ ಹಿಡಿದು ನೋಡುತ್ತೇನೆ, ಆಮೇಲೆಯೇ ಅಪ್ಪನ ಪೆಟ್ಟಿಗೆಗೆ ಹಚ್ಚುವುದು.